ಹತ್ತಿಕೈ ಕಟ್ಟಿದ ಪೆಟ್ಟಿಗೆ

ಮಾತು ಬಿಟ್ಟಿದ್ದಾಳೆ ಎಂದುಕೊಂಡು ಅವನು ಕೆಲಸಕ್ಕೆ ಹೋಗುವ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ನಡೆದ. ಹೆಂಡತಿ ಗೋಡೆಯ ಕಡೆ, ಅವನು ಅವಳ ಎಡಕ್ಕೆ, ರಸ್ತೆಯ ಕಡೆ. ಮದುವೆಯಾದಾಗಿನಿಂದ ಹಾಗೇ, ಗಾಡಿ ಬಂದರೆ ತನ್ನ ಮೈಮೇಲೆ ಬರಲಿ ಅನ್ನುವಷ್ಟು ಕಾಳಜಿ ಮಹಾರಾಯನಿಗೆ. "ಒಲೆ ಆರಿಸಿದ್ಯಾ?" ಎಂದು ಕೇಳಿದ. ಉತ್ತರವಿಲ್ಲ. "ಸಂಜೆ ಅಮ್ಮನ ಮಾತ್ರೆ ತಗೊಂಡು ಹೋಗ್ಬೇಕು" ಎಂದ. ಅದಕ್ಕೂ ಇಲ್ಲ. ನೆಟ್ಟಗೆ ಮುಂದೆ ನೋಡಿಕೊಂಡು, ಪಕ್ಕದಲ್ಲಿ ನಡೆಯುತ್ತಿರುವವನು ಯಾರೋ ದಾರಿಹೋಕ ಅನ್ನುವಂತೆ ಹೆಜ್ಜೆ ಹಾಕುತ್ತಿದ್ದಳು. ದಿನವೂ ಕೂದಲನ್ನು ಎಳೆದು ಗಂಟು ಕಟ್ಟುವವಳು ಇವತ್ತು ಕಿವಿ ಮುಚ್ಚುವ ಹಾಗೆ ಸಡಿಲ ಬಿಟ್ಟಿದ್ದಳು. ಇದೂ ಒಂದು ಬಿಂಕ ಅಂದುಕೊಂಡ. ಒಂದು ಏಟು ಬಿದ್ದಿದ್ದಕ್ಕೆ ಇಷ್ಟು ದೊಡ್ಡ ರಂಪ. ಹಾಗೆ ನೋಡಿದರೆ ಏಟು ತಿನ್ನದವರು ಯಾರಿದ್ದಾರೆ ಪ್ರಪಂಚದಲ್ಲಿ? ಅಪ್ಪ ಬೆಲ್ಟು ಬಿಚ್ಚುವ ಸದ್ದಿಗೇ ಅವನು ಮಂಚದ ಕೆಳಗೆ ತೂರಿಕೊಳ್ಳುತ್ತಿದ್ದ. ಕಾಲು ಹಿಡಿದು ಹೊರಗೆಳೆಯುವಾಗ ಸಿಮೆಂಟಿನ ತಣ್ಣನೆಯ ನೆಲ ಗಲ್ಲ ಉಜ್ಜಿದ್ದು ಈಗಲೂ ನೆನಪಿದೆ. ಹಾಗಂತ ಮಾರನೆಯ ಬೆಳಿಗ್ಗೆ ಅಪ್ಪ ಕರೆದರೆ ಓಗೊಡದೆ ಇರುವ ಧೈರ್ಯ ಅವನಿಗಿತ್ತೇ? ಇವಳಿಗೆ ಸೊಕ್ಕು. ಜೇಬಿನೊಳಗೆ ಅವನ ಬಲಗೈ ತಾನಾಗಿ ಮುಷ್ಟಿಯಾಯಿತು, ಬಿಚ್ಚಿಕೊಂಡಿತು, ಮತ್ತೆ ಮುಷ್ಟಿಯಾಯಿತು.

ನಿನ್ನೆ ಸಂಜೆ ಅಂಗೈ ತಗುಲಿದಾಗ ಬಂದ ಸದ್ದು ಅವನಿಗೇ ವಿಚಿತ್ರವಾಗಿ ಕೇಳಿಸಿತ್ತು. ಚಟೀರ್ ಅನ್ನಲಿಲ್ಲ, ಗಾಳಿ ತುಂಬಿದ ಕಾಗದದ ಚೀಲ ಒಡೆದ ಹಾಗೆ ಢಬ್ ಅಂದಿತ್ತು. ಅವಳು ಅಳಲಿಲ್ಲ, ಕೈಯಲ್ಲಿದ್ದ ತಟ್ಟೆಯನ್ನು ನಿಧಾನಕ್ಕೆ ಕೆಳಗಿಟ್ಟು, ಏನೋ ಮರೆತವಳಂತೆ ಸುತ್ತ ನೋಡಿದಳು. ಪಕ್ಕದ ಕೋಣೆಯಲ್ಲಿ ಅಮ್ಮ ಕೆಮ್ಮಿದಳು. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದು, ಇಬ್ಬರ ಮುಖವನ್ನೂ ನೋಡದೆ, "ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ ಅಂತಾರೆ, ಎದ್ದು ಊಟ ಮಾಡ್ರೋ" ಅಂದಳು. ಅಮ್ಮ ಹೇಳಿದ ಗಾದೆಯೇನೋ ಸರಿ. ಆದರೆ ಅವರಿಬ್ಬರಲ್ಲಿ ಯಾರೂ ಉಣ್ಣಲಿಲ್ಲ.

ಕೆಲಸದ ಕೋಣೆ ಉದ್ದಕ್ಕಿತ್ತು, ಒಂದೇ ಗೋಡೆಗೆ ಕಿಟಕಿ. ಕಿಟಕಿಯ ಕೆಳಗಿನ ಹಲಗೆಯ ಮೇಲೆ ಹೊಸ ಕಸೂತಿ ಮಿಷನ್ನುಗಳು. ಮನೆಯಲ್ಲೇ ಕೂತು ದಿಂಬಿನ ಚೀಲಕ್ಕೋ ಮಗುವಿನ ಅಂಗಿಗೋ ಹೂವು ಹಾಕಿಕೊಳ್ಳುವವರು ಕೊಳ್ಳುವಂಥ ಸಣ್ಣವು, ಒಬ್ಬರೇ ತಬ್ಬಿ ಎತ್ತಬಹುದು. ಪೆಟ್ಟಿಗೆಗೆ ಹೋಗುವ ಮುಂಚೆ ಪ್ರತಿಯೊಂದೂ ಒಂದು ಚೂರು ಬಟ್ಟೆಯ ಮೇಲೆ ಒಂದು ಹೂವು ಹೊಲಿದು ತೋರಿಸಬೇಕು. ಅದನ್ನು ಪರೀಕ್ಷಿಸುವವಳು ಅವನ ಹೆಂಡತಿ. ಹಲಗೆಗೆ ಎಡಭುಜ ಕೊಟ್ಟು ಪಕ್ಕವಾಗಿ ಕೂರುತ್ತಾಳೆ, ಎಡಗಿವಿಯನ್ನು ಮಿಷನ್ನಿನ ತಲೆಗೆ ತಾಗುವಷ್ಟು ಬಾಗಿಸುತ್ತಾಳೆ, ಕಣ್ಣು ಮುಚ್ಚುತ್ತಾಳೆ. ಒಳಗೆಲ್ಲೋ ಒಂದು ತಿರುಪು ಸಡಿಲವಿದ್ದರೆ, ಬಟ್ಟೆಯ ಚೌಕಟ್ಟನ್ನು ಆಡಿಸುವ ತೋಳು ಹಿಂದಿರುಗಿ ಬರುವಾಗ ಕೂದಲೆಳೆಯಷ್ಟು ತಡವರಿಸಿದರೆ, ಅವಳ ಹುಬ್ಬು ಗಂಟಾಗುತ್ತದೆ. ಸೀಮೆಸುಣ್ಣದಲ್ಲಿ ಗೀಟೆಳೆದು ಪಕ್ಕಕ್ಕೆ ತಳ್ಳುತ್ತಾಳೆ. ಸರಿಯಿದ್ದರೆ ಹೂವಿನ ಚೂರನ್ನು, ಬಟ್ಟೆ ಒತ್ತಿಹಿಡಿಯುವ ಮಿಷನ್ನಿನ ಪಾದದ ಕೆಳಗೇ ಬಿಟ್ಟು ಅವನ ಮೇಜಿಗೆ ದಾಟಿಸುತ್ತಾಳೆ. ಪರೀಕ್ಷೆಯಾಗಿದೆ ಎಂಬುದಕ್ಕೆ ಆ ಚೂರೇ ಗುರುತು. ದಾರಿಯಲ್ಲಿ ಕುಲುಕಿದಾಗ ಪಾದ ಕೆಳಗಿನ ತಟ್ಟೆಗೆ ಬಡಿಯದಂತೆ ಕಾಯುವುದೂ ಅದೇ ಚೂರು. ಆಮೇಲಿನದು ಅವನ ಪಾಲು. ಸೂಜಿ ಕಳಚಬೇಕು, ತೋಳನ್ನು ಒಳಕ್ಕೆ ಮಡಚಿ ಪಟ್ಟಿ ಕಟ್ಟಬೇಕು, ತೋಳಿನ ಕೆಳಗಿನ ಟೊಳ್ಳಿಗೆ ಸ್ಪಂಜು ತುಂಬಬೇಕು, ಎರಡು ಕಡೆಗೂ ಥರ್ಮಾಕೋಲಿನ ಟೊಪ್ಪಿಗೆ, ಅದರ ಮೇಲೊಂದು ರಟ್ಟಿನ ಪೆಟ್ಟಿಗೆ, ಆ ಪೆಟ್ಟಿಗೆಗೆ ಇನ್ನೊಂದು ಪೆಟ್ಟಿಗೆ. ಕಡೆಗೆ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಬೇಕು. ಒಳಗೆ ಪಿಸಕ್ ಎನ್ನಬಾರದು. ಅವನು ಕಟ್ಟಿದ್ದು ಒಡೆದು ವಾಪಸು ಬಂದದ್ದಿಲ್ಲ. ಅದಕ್ಕೇ ಅವನಿಗೆ ಹತ್ತಿಕೈ ಎಂಬ ಹೆಸರು. ಹೆಸರಿಟ್ಟವಳು ಆ ಕೋಣೆಯ ಮೇಲ್ವಿಚಾರಕಿ, ಎಲ್ಲರ ಬಾಯಲ್ಲೂ ದೊಡ್ಡಕ್ಕ.

ನಿನ್ನೆಯದಕ್ಕೆಲ್ಲ ಕಾರಣ ಆ ಅಲ್ಲಾಡಿಸುವ ಕೆಲಸವೇ. ಕಟ್ಟಿ ಮುಗಿಸಿದ ಪೆಟ್ಟಿಗೆಯನ್ನು ಕಿವಿಗೆ ಹಿಡಿದಾಗ ಒಳಗೆ ಕಿಣಿ ಕಿಣಿ ಅಂದಿತು. ಬೆವರಿದ. ಟೇಪು ಕಿತ್ತು, ಎರಡೂ ಪೆಟ್ಟಿಗೆ ಬಿಚ್ಚಿ, ಸ್ಪಂಜು ಹೊರಗೆಳೆದು ಹುಡುಕಿದರೆ ಏನೂ ಇಲ್ಲ. ಮತ್ತೆ ಕಟ್ಟಿದ, ಮತ್ತೆ ಕಿಣಿ ಕಿಣಿ. ಮೂರನೇ ಸಲ ಬಿಚ್ಚುವಾಗ ಟೇಪು ಸುತ್ತುವ ಉದ್ದಣ್ಣ, ಆಳು ಬಾಗಿಲಿನಷ್ಟು ಉದ್ದ, ಬಂದು ಅವನ ಅಂಗಿಯ ಜೇಬಿನಿಂದ ಎರಡು ಬೆರಳಲ್ಲಿ ದಾರದ ಕತ್ತರಿಯನ್ನು ಎತ್ತಿ ತೋರಿಸಿದ. ಕೀಲು ಸಡಿಲವಾದ ಸಣ್ಣ ಕತ್ತರಿ, ಮೈ ಅಲುಗಿದರೆ ಸದ್ದು ಮಾಡುವಂಥದ್ದು. "ಹತ್ತಿಕೈ, ಕೈ ಮಾತ್ರ ನಿಂದು ಇಟ್ಕೊಳಪ್ಪ, ಕಿವಿ ಕೆಲಸ ನಿನ್ನ ಹೆಂಡ್ತಿಗೆ ಬಿಡು" ಅಂದಳು ದೊಡ್ಡಕ್ಕ. ಕೋಣೆಗೆ ಕೋಣೆಯೇ ನಕ್ಕಿತು. ಅವನೂ ನಕ್ಕ. ನಗುವಾಗ ಓರೆಗಣ್ಣಲ್ಲಿ ನೋಡಿದ್ದು ಒಬ್ಬಳನ್ನೇ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಣಿಸಿ ನಗುತ್ತಿದ್ದಳು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಮನೆಯಲ್ಲಿ ಬಡಿಸಲು ಬಂದವಳು ಮತ್ತೆ ನೆನೆಸಿಕೊಂಡು, "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ, ಹಾಗಾಯ್ತಲ್ರೀ ನಿಮ್ಮ ಕತೆ" ಅಂದಳು. ಅವಳ ಮುಖದಲ್ಲಿ ಕೇಡಿನ ಲವಲೇಶವೂ ಇರಲಿಲ್ಲ, ಅದು ಅವನಿಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೇ ಕೈ ಎದ್ದಿತ್ತು.

ಉದ್ದಣ್ಣ ಟೇಪನ್ನು ಕರ್ರ್ ಎಂದು ಎಳೆಯುತ್ತಿದ್ದ. ಮಿಷನ್ನುಗಳು ಒಂದಾದ ಮೇಲೊಂದು ಹೂವು ಹೊಲಿದು ಅವನ ಮೇಜಿಗೆ ಬಂದವು. ಸೂಜಿ ಕಳಚುವಾಗ ಅದರ ಮೊನೆಯನ್ನು ಹೆಬ್ಬೆರಳಿಗೆ ಒತ್ತಿ ನೋಡಿಕೊಂಡ. ಹಿಂದೊಮ್ಮೆ ಓಡುತ್ತಿದ್ದ ಮಿಷನ್ನಿನ ಕೆಳಗೆ ಒಬ್ಬನ ಬೆರಳು ಸಿಕ್ಕಿ, ಸೂಜಿ ಉಗುರನ್ನೂ ತೂರಿ ಆಚೆ ಬಂದಿತ್ತು. ಆತ ಕಿರುಚುವ ಮೊದಲು ಒಂದು ಕ್ಷಣ ಆಶ್ಚರ್ಯದಿಂದ ಬೆರಳನ್ನು ನೋಡಿದ್ದ. ಅವಳೂ ನಿನ್ನೆ ಹಾಗೆಯೇ ನೋಡಿದ್ದಳಲ್ಲವೇ? ಆ ನೋಟವನ್ನು ತಲೆಯಿಂದ ಕಿತ್ತುಹಾಕಲು ಸ್ಪಂಜನ್ನು ಟೊಳ್ಳಿಗೆ ಗುದ್ದಿ ಗುದ್ದಿ ತುಂಬಿದ. ಅವಳ ಭುಜ ಹಿಡಿದು, ಹಲ್ಲು ಕಟಕಟ ಅನ್ನುವ ಹಾಗೆ ಕುಲುಕಿ, ಮಾತಾಡೇ, ಮಾತಾಡೇ ಅನ್ನಬೇಕು ಅನ್ನಿಸಿತು. ಹಾಗೆ ಕುಲುಕುತ್ತಿರುವ ತನ್ನ ಕೈಗಳು ಕಣ್ಣಿಗೆ ಕಟ್ಟಿದವು, ಅದರಲ್ಲಿ ಒಂದು ಬಗೆಯ ಸುಖವೂ ಇತ್ತು. ಆ ಸುಖಕ್ಕೆ ನಾಚಿಕೆಯಾಯಿತು, ನಾಚಿಕೆಗೆ ಮತ್ತೆ ಸಿಟ್ಟು ಬಂತು.

ಟೇಪಿನ ಉರುಳೆ ಮುಗಿದು ಉದ್ದಣ್ಣ ಹೊಸದನ್ನು ತರಲು ಎದ್ದ. ಕೋಣೆ ಸ್ವಲ್ಪ ಮೌನವಾಯಿತು. ಆಗಲೇ ಕೇಳಿಸಿದ್ದು. ಅವಳು ಪರೀಕ್ಷಿಸುತ್ತಿದ್ದ ಮಿಷನ್ನು ಹೂವಿನ ಎಸಳನ್ನು ಸುತ್ತಿ ಹಿಂದಿರುಗುವಾಗೆಲ್ಲ ಒಳಗಿನಿಂದ ಟಕ್ ಅನ್ನುತ್ತಿತ್ತು. ಸಣ್ಣ ಸದ್ದು, ಹೂವು ಮಾತ್ರ ಲಕ್ಷಣವಾಗಿ ಮೂಡುತ್ತಿತ್ತು. ಈಗ ಹುಬ್ಬು ಗಂಟಾಗುತ್ತದೆ ಎಂದು ಕಾದ. ಆಗಲಿಲ್ಲ. ಕಿವಿಯನ್ನು ಅದರ ಮೇಲೇ ಇಟ್ಟಂತೆ ಬಾಗಿದ್ದಳು, ಕಣ್ಣು ಮುಚ್ಚಿತ್ತು, ಮುಖ ನಿದ್ದೆ ಹೋದ ಮಗುವಿನಂತೆ ಶಾಂತವಾಗಿತ್ತು. ಟಕ್. ಎದ್ದಳು, ಚೂರನ್ನು ಪಾದದ ಕೆಳಗೆ ಬಿಟ್ಟಳು, ಅವನ ಮೇಜಿನ ಮೇಲಿಟ್ಟು ಹೋದಳು. ಓಹೋ, ಬೇಕೆಂದೇ, ಅಂದುಕೊಂಡ. ಇದು ವಾಪಸು ಬರಬೇಕು, ಕಟ್ಟಿದ್ದು ಸರಿಯಿಲ್ಲ ಎಂದು ಹತ್ತಿಕೈಯ ಮಾನ ಹೋಗಬೇಕು, ಊರು ಮತ್ತೊಮ್ಮೆ ನಗಬೇಕು, ಇವಳ ಸೇಡು ತೀರಬೇಕು. ಎಷ್ಟು ಆಳವಿದ್ದಾಳೆ ನೋಡು.

ಸೀದಾ ಅವಳ ಬೆನ್ನ ಹಿಂದೆ ಹೋಗಿ ನಿಂತ. ಅವಳು ಮುಂದಿನ ಮಿಷನ್ನಿಗೆ ದಾರ ಪೋಣಿಸುತ್ತಿದ್ದಳು. ಕಿಟಕಿಯ ಕಡೆ ಬಾಗಿ, ಅವಳ ಎಡಗಿವಿಯ ಹತ್ತಿರ, ಹಲ್ಲಿನ ಸಂದಿಯಲ್ಲಿ, "ಏನೇ, ಆಟ ಆಡ್ತಿದೀಯ?" ಎಂದ. ಅವಳು ದಾರದ ತುದಿಯನ್ನು ನಾಲಗೆಗೆ ತಾಗಿಸಿ ಚೂಪು ಮಾಡಿಕೊಂಡಳು. ಜೇಬಿನಿಂದ ಕತ್ತರಿ ತೆಗೆದ. ಆ ಕ್ಷಣದಲ್ಲಿ ಅದನ್ನು ಏನು ಮಾಡಬೇಕು ಅಂತಿದ್ದನೋ ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗಲಿಲ್ಲ. ಕೈ ಮುಂದೆ ಹೋಯಿತು. ಅವಳ ಕೂದಲ ಪಕ್ಕದಲ್ಲಿ ಕತ್ತರಿ ಕಚಕ್ ಎಂದಿತು. ಅವಳ ರೆಪ್ಪೆ ಅಲುಗಲಿಲ್ಲ. ಮತ್ತೆ ಕಚಕ್, ಕಚಕ್. ಸೂಜಿಯ ಕಣ್ಣಿಗೆ ದಾರ ಹೊಕ್ಕಿತು, ಅವಳು ಸಣ್ಣಗೆ ಉಸಿರು ಬಿಟ್ಟಳು. ಆಡಿಸುತ್ತಿದ್ದ ಕತ್ತರಿಯನ್ನು ಹಾಗೇ ಹಿಂದಿನಿಂದ ಅವಳ ಬಲಗಡೆಗೆ ತಂದ. ಒಂದೇ ಸಲ ಕಚಕ್ ಅಂದದ್ದಕ್ಕೆ ಅವಳು ಬೆಚ್ಚಿ ತಿರುಗಿದಳು.

"ಏನ್ರೀ?" ಅಂದಳು. ದನಿಯಲ್ಲಿ ಮುನಿಸೂ ಇಲ್ಲ, ಏನೂ ಇಲ್ಲ, ದಿನದ ದನಿ.

"ಬೆಳಿಗ್ಗೆ ಯಾಕೆ ಮಾತಾಡ್ಲಿಲ್ಲ?"

"ನೀವೆಲ್ಲಿ ಮಾತಾಡಿದ್ರಿ? ನೀವೇ ಮಾತು ಬಿಟ್ಟಿದೀರ ಅಂತ ನಾನೂ ಸುಮ್ನಿದ್ದೆ."

ಅವನು ಕತ್ತರಿಯನ್ನು ಜೇಬಿಗೆ ಸೇರಿಸಿದ. "ಕಿವಿ..." ಅಂದ.

"ಗುಂಯ್ ಅಂತಿದೆ ಅಷ್ಟೇ. ಹೋಗುತ್ತೆ ಬಿಡಿ." ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು. "ದೊಡ್ಡಕ್ಕನ ಮುಂದೆ ಏನೂ ಅನ್ಬೇಡಿ. ಕಿವಿ ಇಲ್ಲ ಅಂದ್ರೆ ನನ್ನನ್ನ ಇಲ್ಲಿ ಯಾಕೆ ಇಟ್ಕೋತಾರೆ? ಹೋಗಿ, ಕೆಲಸ ನೋಡಿ."

ಮಿಷನ್ನು ಟಕ್ ಅನ್ನುತ್ತಿದೆ, ವಾಪಸು ತಗೋ ಎಂದು ಹೇಳಿದರೆ ಮುಗಿದುಹೋಗುತ್ತಿತ್ತು. ಎರಡು ಮಾತು. ಆದರೆ ಆ ಎರಡು ಮಾತಿನ ಹಿಂದೆ ಮೂರನೆಯದೊಂದು ಬರಬೇಕಾಗುತ್ತದೆ, ಅದು ಅವನ ಗಂಟಲಿನಲ್ಲಿ ಹಾಯುವಂಥದ್ದಲ್ಲ. ಮೇಜಿಗೆ ಮರಳಿದ. ಆ ಮಿಷನ್ನು ಅವನಿಗಾಗಿ ಕಾದು ಕೂತಿತ್ತು, ಪಾದದ ಕೆಳಗೆ ಕೆಂಪು ಹೂವು. ಕಟ್ಟತೊಡಗಿದ. ಜನ್ಮದಲ್ಲಿ ಅಷ್ಟು ಚೆನ್ನಾಗಿ ಯಾವುದನ್ನೂ ಕಟ್ಟಿರಲಿಲ್ಲ. ತೋಳಿಗೆ ಪಟ್ಟಿಯನ್ನು ದುಪ್ಪಟ್ಟು ಸುತ್ತಿದ, ಮೂಲೆಮೂಲೆಗೆ ಸ್ಪಂಜಿನ ತುಂಡು ಕತ್ತರಿಸಿ ಇಟ್ಟ, ಟೊಪ್ಪಿಗೆಯನ್ನು ಕೂಸಿಗೆ ತೊಡಿಸುವ ಹಾಗೆ ತೊಡಿಸಿದ. ಸ್ಪಂಜು ಕೊಯ್ಯುವ ಅಲಗು ಎಡಗೈಯಲ್ಲಿತ್ತು. ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು ಮಣಿಕಟ್ಟಿನ ಮೇಲೆ ಅಲಗನ್ನು ಎಳೆದುಬಿಟ್ಟರೆ? ರಕ್ತ ಥರ್ಮಾಕೋಲಿನ ಮೇಲೆ ಹೇಗೆ ಕಾಣುತ್ತದೆ ಎಂಬುದೂ ಹೊಳೆಯಿತು. ಆದರೆ ಅಂಥದ್ದೆಲ್ಲ ಮಾಡುವ ಜಾತಿಯ ಗಂಡಸಲ್ಲ ಅವನು. ಬೇರೆಯವರ ಮೈಮೇಲಾದರೆ ಕೈ ಚುರುಕು. ಪೆಟ್ಟಿಗೆಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. ಒಳಗೆ ಪಿಸಕ್ ಎನ್ನಲಿಲ್ಲ.

ಚಹದ ಹೊತ್ತಿಗೆ ಉದ್ದಣ್ಣ ಅವಳ ಎಡಕ್ಕೆ ನಿಂತು ಏನೋ ತಮಾಷೆ ಮಾಡಿದ. ಅವಳು ಲೋಟ ಊದುತ್ತಲೇ ಇದ್ದಳು. "ನಿನ್ನ ಹೆಂಡ್ತಿಗೆ ಏನಾಗಿದೆಯೋ? ಗಾಳಿಗೆ ಮಾತಾಡ್ದಂಗಾಯ್ತು ನಂಗೆ" ಎಂದು ಉದ್ದಣ್ಣ ಅವನಿಗೆ ಹೇಳಿದ. "ತಲೆನೋವಂತೆ" ಅಂದ ಅವನು. ಸುಳ್ಳು ಎಷ್ಟು ಸಲೀಸಾಗಿ ಬಂತು. ಅಪ್ಪ ಹೊಡೆದ ಮರುದಿನ ಶಾಲೆಯಲ್ಲಿ ಕೇಳಿದರೆ ಅವನೂ ಮೆಟ್ಟಿಲ ಮೇಲೆ ಬಿದ್ದೆ ಅನ್ನುತ್ತಿದ್ದ; ಮೇಷ್ಟ್ರು ನಂಬಿದಂತೆ ತಲೆಯಾಡಿಸುತ್ತಿದ್ದರು. ಆ ಮಿಷನ್ನು ಈಗ ಲಾರಿಯೇರಿ ಹೋಗುತ್ತದೆ. ಯಾರದೋ ಮನೆಯಲ್ಲಿ ನಾಲ್ಕು ಹೂವು ಹೊಲಿದು ನಿಲ್ಲುತ್ತದೆ, ತಿರುಗಿ ಬರುತ್ತದೆ, ಪರೀಕ್ಷಿಸಿದ್ದು ಯಾರೆಂದು ದೊಡ್ಡಕ್ಕ ನೋಡುತ್ತಾಳೆ. ಅವಳನ್ನು ಈ ಕುರ್ಚಿಯಿಂದ ಎಬ್ಬಿಸುತ್ತಾರೆ. ಅವಳ ಮೈಯಲ್ಲಿ ಅವಳದೇ ಅಂತ ಒಂದು ಹೆಮ್ಮೆಯಿದ್ದರೆ ಆ ಕಿವಿ. ಅದನ್ನು ಬಡಿದು ಹಾಕಿದ್ದಾನೆ, ಈಗ ಕೆಲಸವನ್ನೂ ಕಿತ್ತುಕೊಂಡಂತಾಯಿತು. ಲೋಟ ಕೆಳಗಿಡುವಾಗ ಅವನಿಗೆ ದಾರಿ ಹೊಳೆಯಿತು: ಮಿಷನ್ನು ತನ್ನ ಕೈಯಲ್ಲೇ ಒಡೆಯಬೇಕು. ಆಗ ತಪ್ಪೆಲ್ಲ ತನ್ನದು, ಒಳಗಿನ ಟಕ್ ಯಾರಿಗೂ ಕೇಳಿಸುವುದಿಲ್ಲ. ಮಾಡಿದ ಪಾಪಕ್ಕೆ ಅವನಿಗೆ ಹೊಳೆದ ಪ್ರಾಯಶ್ಚಿತ್ತವೂ ಒಡೆಯುವುದೇ.

ಅವಕಾಶವೇನೂ ಕಷ್ಟದ್ದಲ್ಲ. ಲಾರಿಗೆ ತುಂಬುವ ಮುಂಚೆ ಯಾವುದಾದರೂ ಒಂದು ಪೆಟ್ಟಿಗೆಯನ್ನು ಎಲ್ಲರೆದುರು ಬೀಳಿಸಿ ನೋಡುವುದು ಅಲ್ಲಿನ ಪದ್ಧತಿ. ಸೊಂಟದ ಎತ್ತರದಿಂದ, ಮೊದಲು ಮೂಲೆಯ ಮೇಲೆ, ಆಮೇಲೆ ಅಂಚಿನ ಮೇಲೆ, ಕಡೆಗೆ ಅಡಿಯ ಮೇಲೆ. ಬಿಚ್ಚಿದರೆ ಮಿಷನ್ನು ಸರಿಯಿರಬೇಕು. "ಹತ್ತಿಕೈ, ಒಂದು ಹಾಕಪ್ಪ" ಅಂದಳು ದೊಡ್ಡಕ್ಕ, ಬಾಗಿಲಲ್ಲಿ ನಿಂತು. ರಾಶಿಯಿಂದ ಅವನು ಆ ಪೆಟ್ಟಿಗೆಯನ್ನೇ ಎಳೆದುಕೊಂಡ. ಸೊಂಟದ ಮಟ್ಟಕ್ಕೆ ಎತ್ತಿದ. ಅಷ್ಟು ಸಾಲದು ಅನ್ನಿಸಿತು. ಎದೆಗೆ ತಂದ, ಆಮೇಲೆ ತಲೆಯ ಮೇಲಕ್ಕೆ. "ಏಯ್, ಅಷ್ಟೆತ್ತರ ಯಾಕೋ?" ಅಂದ ಉದ್ದಣ್ಣ. ತೋಳು ಚಾಚಿ ನಿಂತಾಗ, ಯೋಚಿಸಿ ತಂದ ಉಪಾಯವೆಲ್ಲ ಎಲ್ಲೋ ಸೋರಿಹೋಗಿ, ಅಪ್ಪಟ ಸಿಟ್ಟು ಉಳಿಯಿತು. ಆ ನಗು, ಆ ಕತ್ತರಿ, ಮಂಚದ ಕೆಳಗಿನ ನೆಲ, ಕೆಮ್ಮಿದ ಅಮ್ಮ, ತನ್ನ ಈ ಕೈ. ಕಿಟಕಿಯ ಹತ್ತಿರ ಅವಳು ಯಾಕೋ ತಲೆಯೆತ್ತಿ ಇತ್ತ ನೋಡಿದಳು. ನೋಡಿದವಳು ಕುರ್ಚಿಯಿಂದ ಜಾರಿ, ಹಲಗೆಯ ಕೆಳಗೆ ಕುಕ್ಕರಿಸಿ, ಎರಡೂ ತೋಳಿನಿಂದ ತಲೆ ಮುಚ್ಚಿಕೊಂಡಳು. ಅವಳಿಗೂ ಅವನಿಗೂ ನಡುವೆ ಅರ್ಧ ಕೋಣೆಯಿತ್ತು. ಅದನ್ನು ನೋಡಿಯೂ ಅವನು ಕೈ ತಡೆಯಲಿಲ್ಲ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಪೆಟ್ಟಿಗೆಯನ್ನು ನೆಲಕ್ಕೆ ಅಪ್ಪಳಿಸಿದ. ಕಿಟಕಿಯ ಗಾಜು ಅದುರಿತು. ಸಾಲದೆಂದು ಕಾಲಿನಿಂದ ಒದ್ದ, ಮತ್ತೆ ಒದ್ದ, ಉದ್ದಣ್ಣ ಬಂದು ರಟ್ಟೆ ಹಿಡಿಯುವವರೆಗೂ ಒದ್ದ.

ಯಾರೂ ಪೆಟ್ಟಿಗೆಯನ್ನು ನೋಡಲಿಲ್ಲ. ಹಲಗೆಯ ಕೆಳಗಿದ್ದವಳನ್ನು ನೋಡಿದರು. ಅವಳು ತೋಳು ಇಳಿಸಿ, ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ, ಸೀರೆ ಕೊಡವಿಕೊಂಡು ಎದ್ದು, ನಕ್ಕಂತೆ ಮಾಡಿದಳು. ಮನೆಯೊಳಗಿನದು ಬಯಲಿಗೆ ಬೀಳಲು ಅಷ್ಟು ಸಾಕಾಯಿತು.

ದೊಡ್ಡಕ್ಕ ಬಾಗಿಲಿಂದ ಒಳಗೆ ಬಂದು ಪೆಟ್ಟಿಗೆಯ ಮುಂದೆ ನಿಂತಳು. ಆಮೇಲೆ, "ಬಿಚ್ಚು" ಅಂದಳು.

ಬಿಚ್ಚಿದ. ಹೊರಗಿನ ಪೆಟ್ಟಿಗೆಯ ಮೂಲೆ ಜಜ್ಜಿಹೋಗಿತ್ತು. ಒಳಗಿನದರಲ್ಲಿ ಒಂದು ಗೀರಿಲ್ಲ. ಟೊಪ್ಪಿಗೆ ಸೀಳಿತ್ತು, ಮಿಷನ್ನು ಹೇಗಿಟ್ಟಿದ್ದನೋ ಹಾಗೇ ಇತ್ತು, ಪಾದದ ಕೆಳಗೆ ಕೆಂಪು ಹೂವು ಕೂಡ ಮಿಸುಕಿರಲಿಲ್ಲ. ಹತ್ತಿಕೈ ಕಟ್ಟಿದ್ದನ್ನು ಹತ್ತಿಕೈಯೇ ಒಡೆಯಲಾರದೆ ಹೋಗಿದ್ದ. ಉದ್ದಣ್ಣ ಸೂಜಿ ಹಾಕಿ, ದಾರ ಪೋಣಿಸಿ, ಹಲಗೆಯ ಮೇಲಿಟ್ಟು ಓಡಿಸಿದ. ಟೇಪಿನ ಗಲಾಟೆಯಿಲ್ಲದ ಕೋಣೆಯಲ್ಲಿ ಈಗ ಎಲ್ಲರಿಗೂ ಕೇಳಿಸಿತು: ಟಕ್.

"ಬಿದ್ದಿದ್ದಕ್ಕೆ ಬಂದಿರೋ ಸದ್ದು ಅಕ್ಕ" ಅಂದ ಅವನು, ಅವಸರದಲ್ಲಿ.

ದೊಡ್ಡಕ್ಕ ಅವನ ಕಡೆ ತಿರುಗಲೂ ಇಲ್ಲ. "ಬಾ ತಾಯಿ, ನೀನು ಕೇಳಿ ಹೇಳು" ಎಂದು ಅವನ ಹೆಂಡತಿಯನ್ನು ಕೈಸನ್ನೆ ಮಾಡಿ ಕರೆದಳು.

ಅವಳು ಬಂದು ಕೂತಳು. ಎಂದಿನಂತೆ ಹಲಗೆಗೆ ಎಡಭುಜ ಕೊಟ್ಟಳು, ಎಡಗಿವಿ ಬಾಗಿಸಿದಳು, ಕಣ್ಣು ಮುಚ್ಚಿದಳು. ಬೇಡ, ಬೇಡ ಎಂದು ಅವನೊಳಗೆ ಏನೋ ಕೂಗುತ್ತಿತ್ತು. ಟಕ್. ಉದ್ದಣ್ಣ ತಲೆ ತಗ್ಗಿಸಿದ. ಟಕ್. ಅವಳು ಕಣ್ಣು ಬಿಟ್ಟು, ಮಿಷನ್ನಿನ ಬೆನ್ನು ಸವರಿ, "ಸರಿಯಿದೆ ಅಕ್ಕ" ಅಂದಳು.

ದೊಡ್ಡಕ್ಕ ಬಗ್ಗಿ ಅವಳ ಕೂದಲನ್ನು ಹಿಂದಕ್ಕೆ ಸರಿಸಿದಳು. ಕಿವಿ ಊದಿ ಕಂದಿತ್ತು. ಒಳಗಿನಿಂದ ಸೋರಿ ಒಣಗಿದ ರಕ್ತ ದಾರದೆಳೆಯ ಹಾಗೆ ಅಂಟಿತ್ತು. "ಏನಾಯ್ತೇ ಇದು?" ಎಂದಳು.

"ಬಚ್ಚಲಲ್ಲಿ ಜಾರಿಬಿದ್ಲು" ಅಂದ ಅವನು. ಅವನು ಕಿಟಕಿಯ ಪಕ್ಕ ನಿಂತಿದ್ದ, ಅವಳ ಎಡಕ್ಕೆ. ಅವಳು ದೊಡ್ಡಕ್ಕನ ಮುಖವನ್ನೇ ನೋಡುತ್ತಿದ್ದಳು, ಅವನು ಏನೂ ಅನ್ನಲೇ ಇಲ್ಲ ಅನ್ನುವಂತೆ. ದೊಡ್ಡಕ್ಕ ಕುರ್ಚಿಯನ್ನು ಬಳಸಿ ಬಲಕ್ಕೆ ಬಂದು, ಆ ಕಿವಿಯ ಹತ್ತಿರ ಬಗ್ಗಿ, "ಬಚ್ಚಲಲ್ಲಿ ಜಾರಿ ಬಿದ್ಯಂತೆ. ಹೌದಾ?" ಎಂದಳು.

ಆಗ ಅವಳು ತಿರುಗಿ ಅವನನ್ನು ನೋಡಿದಳು. ಅವನು ಕಣ್ಣಲ್ಲೇ ಬೇಡಿಕೊಂಡನೋ, ಹೆದರಿಸಿದನೋ, ಅವನಿಗೇ ಗೊತ್ತಾಗಲಿಲ್ಲ. ಇಷ್ಟು ವರ್ಷ ಎರಡಕ್ಕೂ ಒಂದೇ ನೋಟ ಬಳಸಿದ್ದ.

"ಇಲ್ಲ ಅಕ್ಕ. ಹೊಡೆದ್ರು" ಅಂದಳು. ತನ್ನ ದನಿ ತನಗೇ ಸರಿಯಾಗಿ ಕೇಳಿಸಲಿಲ್ಲವೇನೋ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. "ಇವರೇ ಹೊಡೆದಿದ್ದು."

"ನಡಿ, ಮೊದಲು ಡಾಕ್ಟರ ಹತ್ರ" ಅಂದಳು ದೊಡ್ಡಕ್ಕ. "ಆಮೇಲೆ ನಮ್ಮನೇಗೆ ಹೋಗೋಣ."

"ಇರಿ ಅಕ್ಕ, ಒಂದ್ನಿಮಿಷ."

ಎದ್ದಳು. ಕುರ್ಚಿಯನ್ನು ಎರಡು ಕೈಯಲ್ಲಿ ಎತ್ತಿ ಹಿಂದುಮುಂದಾಗಿ ತಿರುಗಿಸಿ ಇಟ್ಟಳು. ಈಗ ಹಲಗೆಗೆ ಅವಳ ಬಲಭುಜ, ಅವನ ಮೇಜಿಗೆ ಎಡ. ಕೂದಲನ್ನು ಎಳೆದು ಗಂಟು ಕಟ್ಟಿದಳು, ಊದಿದ ಕಿವಿ ಎಲ್ಲರಿಗೂ ಕಾಣುವ ಹಾಗೆ. ಬಲಗಿವಿಯನ್ನು ಮಿಷನ್ನಿನ ತಲೆಗೆ ಬಾಗಿಸಿ ಓಡಿಸಿದಳು. ತೋಳು ಎಸಳನ್ನು ಸುತ್ತಿ ಹಿಂದಿರುಗಿತು. ಅವಳ ಹುಬ್ಬು ನಿಧಾನಕ್ಕೆ ಗಂಟಾಯಿತು. ಸೀಮೆಸುಣ್ಣ ತೆಗೆದುಕೊಂಡು ಅದರ ಬೆನ್ನಿಗೆ ಗೀಟೆಳೆದು ಪಕ್ಕಕ್ಕೆ ತಳ್ಳಿದಳು.

ಅವನು ಯಾವಾಗ ತನ್ನ ಮೇಜಿನ ಹತ್ತಿರ ಬಂದು ನಿಂತಿದ್ದನೋ ಅವನಿಗೇ ಗೊತ್ತಿಲ್ಲ. ಅಲ್ಲಿಂದಲೇ ಅವಳನ್ನು ಕರೆದ. ಮದುವೆಯಾದ ಹೊಸತರಲ್ಲಿ ಕರೆಯುತ್ತಿದ್ದ ಹಾಗೆ, ಮೆಲ್ಲಗೆ. ಅವಳು ಹಲಗೆಯ ಮೇಲಿನ ಚೂರುಗಳನ್ನು ಒಟ್ಟುಮಾಡುತ್ತಿದ್ದಳು, ತಿರುಗಲಿಲ್ಲ. ಮತ್ತೊಮ್ಮೆ ಕರೆದ. ಈ ಸಲ ಅದು ಕಿವಿಗೆ ಬೀಳಲಿಲ್ಲವೋ, ಬಿದ್ದೂ ಅವಳು ತಿರುಗಲಿಲ್ಲವೋ ಅವನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವುದೇನೂ ಕಷ್ಟವಿರಲಿಲ್ಲ, ಕತ್ತರಿ ಜೇಬಿನಲ್ಲೇ ಇತ್ತು. ಅದನ್ನು ಹೊರಗೆ ತೆಗೆಯುವ ಧೈರ್ಯ ಅವನಿಗೆ ಬರಲಿಲ್ಲ.